ಲೋ ಮಾಡಿಸಿದ ಸ್ವಿಫ್ಟಿಗೆ ಹೊಸ ಲೋವರ್ ಆರ್ಮ್: ಬಳ್ಳಾರಿ–ಸಿರುಗುಪ್ಪ ರಸ್ತೆಯಲ್ಲಿ ಎಂಟು ತಿಂಗಳು

ತೆಕ್ಕಲಕೋಟೆ ಹತ್ತಿರ ಒಂದು ಹಂಪ್ ಇದೆ. ಅದನ್ನು ಇಳಿಯುವಾಗ ಎಡಗಡೆ ಮುಂದಿನ ಚಕ್ರದಿಂದ ಟಕ್ ಅಂತ ಒಂದೇ ಒಂದು ಸದ್ದು ಬರುತ್ತಿತ್ತು. ಹತ್ತುವಾಗ ಇಲ್ಲ, ಇಳಿಯುವಾಗ ಮಾತ್ರ. ಡಿಕ್ಕಿಯಲ್ಲಿ ಜಾಕ್ ಅಲ್ಲಾಡುತ್ತಿರಬೇಕು ಅಂದುಕೊಂಡು ಹಳೇ ಬೆಡ್‌ಶೀಟ್ ಸುತ್ತಿ ಇಟ್ಟೆ. ಸದ್ದು ಹೋಗಲಿಲ್ಲ. ಒಂದು ತಿಂಗಳಲ್ಲಿ ಬ್ರೇಕ್ ಒತ್ತಿದಾಗಲೂ ಬರತೊಡಗಿತು. ಅದಾದ ಮೇಲೆ ಸ್ಟೇರಿಂಗ್ ನೆಟ್ಟಗೆ ಹಿಡಿದರೂ ಗಾಡಿ ರಸ್ತೆಯ ಗೆರೆ ಹಿಡಿದು ಅತ್ತಿತ್ತ ಎಳೆಯುತ್ತಿತ್ತು. ಎದುರಿಗೆ ಭತ್ತದ ಲಾರಿ ಬಂದಾಗ ಎರಡೂ ಕೈ ಬಿಗಿ ಹಿಡಿದು ಉಸಿರು ಕಟ್ಟಿ ಕೂರುವ ಹಾಗಾಯಿತು.

ನಾನು ಸಿರುಗುಪ್ಪದ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಮನೆ ಬಳ್ಳಾರಿಯಲ್ಲಿ. ಒಂದು ದಿಕ್ಕಿಗೆ ಸುಮಾರು 55 ಕಿಲೋಮೀಟರ್, ದಿನಾ ಹೋಗಿ ಬರುತ್ತೇನೆ. ಗಾಡಿ 2010ರ ಡೀಸೆಲ್ ಸ್ವಿಫ್ಟ್. ಅದು ನನ್ನ ತಮ್ಮನದು. ಕೆಲಸಕ್ಕೆ ಪುಣೆಗೆ ಹೋಗುವ ಮುಂಚೆ ಅವನು ಅದಕ್ಕೆ ಗಿಡ್ಡ ಸ್ಪ್ರಿಂಗ್ ಹಾಕಿಸಿ 35 ಮಿಲಿಮೀಟರ್ ಲೋ ಮಾಡಿಸಿದ್ದ, ಅಂದರೆ ಗಾಡಿಯ ಎತ್ತರ ಇಳಿಸಿದ್ದ, 15 ಇಂಚಿನ ಅಲಾಯ್ ಚಕ್ರ ಹಾಕಿಸಿದ್ದ. ಟೈರ್ ಮಾತ್ರ ಯೋಚನೆ ಮಾಡಿಯೇ ತಂದಿದ್ದ: 185/65. ಹೊರಗಿನ ವ್ಯಾಸ ಕಂಪನಿಯ 165/80 14 ಇಂಚಿನ ಟೈರಿನಷ್ಟೇ ಬರುತ್ತದೆ, ಹಾಗಾಗಿ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಹೋಗುವಾಗ ಕೀ ನನ್ನ ಕೈಗಿಟ್ಟು, "ಅಕ್ಕಾ, ಸ್ಪ್ರಿಂಗ್ ಮಾತ್ರ ಬದಲಾಯಿಸಬೇಡ" ಅಂದ.

ಬದಲಾಯಿಸಲಿಲ್ಲ. ಅವನ ಮಾತಿಗೆ ಅಂತ ಅಲ್ಲ, ಗಾಡಿ ರಸ್ತೆಗೆ ಕೂತು ಓಡುವ ರೀತಿ ನನಗೇ ಹಿಡಿಸಿಬಿಟ್ಟಿತು. ಸಂಜೆ ಕಾಲುವೆ ಪಕ್ಕದ ಉದ್ದ ತಿರುವಿನಲ್ಲಿ ಅದು ವಾಲದೆ ತಿರುಗುವಾಗ ದಿನದ ದಣಿವು ಇಳಿಯುತ್ತದೆ. ಅದಕ್ಕೇ ಈ ಟಕ್ ಸದ್ದು ನನಗೆ ಬೇಜಾರು ತಂದಿತ್ತು.

ಮೊದಲು ಒಂದು ದೊಡ್ಡ ವರ್ಕ್‌ಶಾಪಿಗೆ ಕೊಟ್ಟೆ. ಹೆಸರು ಬೇಡ. ಲೋವರ್ ಆರ್ಮ್ ಬುಷ್ ಹೋಗಿದೆ ಅಂದರು, ಅವರು ಹೇಳಿದ್ದು ಸರಿಯೇ ಇತ್ತು. ಲೋವರ್ ಆರ್ಮ್ ಅಂದರೆ ಚಕ್ರವನ್ನು ಕೆಳಗಡೆ ಬಾಡಿಗೆ ಜೋಡಿಸುವ ತೋಳು, ಅದು ಬಾಡಿಗೆ ಸೇರುವ ಜಾಗದ ರಬ್ಬರ್ ತುಂಡೇ ಬುಷ್. ಎರಡೂ ಕಡೆ ಹೊಸ ಆರ್ಮ್ ಹಾಕಿದರು, ಕಂಪನಿ ಮಾದರಿಯವು. ಗಾಡಿಯನ್ನು ಎರಡು ಕಂಬದ ಲಿಫ್ಟಿನಲ್ಲಿ ಎತ್ತಿ, ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಎಲ್ಲ ಬೋಲ್ಟ್ ಬಿಗಿ ಮಾಡಿದರು. ನಾನು ಅಲ್ಲೇ ನಿಂತು ನೋಡುತ್ತಿದ್ದೆ. ಆಗ ಅದರಲ್ಲಿ ತಪ್ಪಿದೆ ಅಂತ ನನಗೂ ಗೊತ್ತಿರಲಿಲ್ಲ. ಮೂರು ತಿಂಗಳು ಗಾಡಿ ಸುಮ್ಮನಿತ್ತು. ಐದನೇ ತಿಂಗಳಲ್ಲಿ ಅದೇ ಹಂಪ್, ಅದೇ ಟಕ್. ಜೊತೆಗೆ ಮುಂದಿನ ಎರಡು ಟೈರುಗಳ ಒಳಅಂಚು ಬೋಳಾಗಿತ್ತು. ಹೊರಗಿನಿಂದ ನೋಡಿದರೆ ಹೊಸದರ ಹಾಗೆ ಕಾಣುತ್ತಿದ್ದವು. ಕೈ ಒಳಗೆ ಹಾಕಿ ಸವರಿದಾಗ ತಂತಿ ಚುಚ್ಚಿತು.

ಆಗ ಕೌಲ್ ಬಜಾರಿನ ಚಾಚಾ ಹತ್ತಿರ ಹೋದೆ. ಅವರ ಗ್ಯಾರೇಜಿಗೆ ಬೋರ್ಡ್ ಇಲ್ಲ. ತಗಡಿನ ಶೆಡ್, ಒಳಗೆ ಸಿಮೆಂಟಿನ ಒಂದು ಗುಂಡಿ, ಅದರ ಮೇಲೆ ಗಾಡಿ ನಿಲ್ಲಿಸುತ್ತಾರೆ. ಚಾಚಾ ಗುಂಡಿಗಿಳಿದು ಬ್ಯಾಟರಿ ಬಿಟ್ಟು ನೋಡಿ, "ಮೇಡಂ, ನೀವೂ ಇಳೀರಿ, ನೋಡ್ರಿ ಇಲ್ಲಿ" ಅಂದರು. ಇಳಿದೆ.

ಐದು ತಿಂಗಳ ಹಿಂದಿನ ಹೊಸ ಬುಷ್. ಒಳಗಿನ ಕಬ್ಬಿಣದ ಕೊಳವೆಯಿಂದ ರಬ್ಬರ್ ಒಂದು ಕಡೆ ಪೂರ್ತಿ ಬಿಟ್ಟುಕೊಂಡಿತ್ತು. ಬಿರುಕಿನಲ್ಲಿ ಕೆಂಪು ಧೂಳು ಪುಡಿಗಟ್ಟಿ ಕೂತಿತ್ತು. ಚಾಚಾ ಟೈರ್ ಲಿವರ್ ಇಟ್ಟು ಸ್ವಲ್ಪ ಮೀಟಿದರೆ ಸಾಕು, ಆರ್ಮ್ ಬೆರಳಗಲ ಮುಂದೆ ಹೋಗಿ ಬರುತ್ತಿತ್ತು. "ಇದು ಸವೆದದ್ದಲ್ರಿ, ತಿರುಚಿ ಹರಿದೈತಿ" ಅಂದರು.

ಆ ಒಂದು ಮಾತಿನಲ್ಲಿ ನನಗೆ ಪೂರ್ತಿ ವಿಷಯ ತೆರೆದುಕೊಂಡಿತು. ಈ ಬುಷ್‌ನಲ್ಲಿ ರಬ್ಬರನ್ನು ಒಳಗಿನ ಕೊಳವೆಗೂ ಹೊರಗಿನ ಬಳೆಗೂ ಅಂಟಿಸಿರುತ್ತಾರೆ. ಬೋಲ್ಟ್ ಬಿಗಿ ಮಾಡಿದ ಮೇಲೆ ಒಳಗಿನ ಕೊಳವೆ ತಿರುಗುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡುವುದೆಲ್ಲ ರಬ್ಬರ್ ತಿರುಚಿಕೊಂಡೇ ಆಗಬೇಕು. ಚಕ್ರ ನೇತಾಡುವಾಗ ಬಿಗಿ ಮಾಡಿದರೆ ರಬ್ಬರಿಗೆ ಆ ಭಂಗಿಯೇ ವಿಶ್ರಾಂತಿಯ ಭಂಗಿ. ಗಾಡಿ ನೆಲಕ್ಕಿಳಿದ ಕೂಡಲೇ ಅದು ತಿರುಚಿಕೊಂಡೇ ನಿಲ್ಲುತ್ತದೆ. ರಾತ್ರಿಯಿಡೀ ಮನೆ ಮುಂದೆ ನಿಂತಿದ್ದರೂ ಅದಕ್ಕೆ ಬಿಡುವಿಲ್ಲ. ಲೋ ಮಾಡಿಸಿದ ಗಾಡಿಯಲ್ಲಿ ಆರ್ಮ್ ಇನ್ನೂ ಮೇಲೆ ಬಂದಿರುತ್ತದೆ, ಅಂದರೆ ತಿರುಚುವುದು ಇನ್ನೂ ಜಾಸ್ತಿ. ಅದರ ಮೇಲೆ ಹಂಪ್ ಬಂದರೆ ರಬ್ಬರ್ ಹರಿಯದೆ ಇನ್ನೇನಾಗುತ್ತದೆ?

ಈಗ ಆರ್ಮ್ ವಿಷಯ. ಸ್ವಿಫ್ಟಿನ ಮುಂದಿನ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್. ಮೇಲೆ ಸ್ಪ್ರಿಂಗ್ ಜೊತೆಗಿರುವ ಶಾಕ್ ಅಬ್ಸಾರ್ಬರ್ ಕಂಬ, ಅದೇ ಸ್ಟ್ರಟ್, ಕೆಳಗೆ ಒಂದೇ ಆರ್ಮ್. ಚಕ್ರ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಕೆಳಗಡೆ ಹಿಡಿದಿಡುವುದು ಅದೊಂದೇ. ಕಂಪನಿಯಿಂದ ಬಂದಾಗ ಅದು ಒಳಗಿನಿಂದ ಹೊರಗೆ ಸ್ವಲ್ಪ ಇಳಿಜಾರಾಗಿರುತ್ತದೆ, ಆರ್ಮಿನ ಚಕ್ರದ ಕಡೆಯ ತುದಿ ಕೆಳಗೆ. ಲೋ ಮಾಡಿದಾಗ ಬಾಡಿ ಇಳಿಯುತ್ತದೆ, ಚಕ್ರ ಇದ್ದಲ್ಲೇ ಇರುತ್ತದೆ. ಆರ್ಮ್ ಮಟ್ಟಸ ಆಗುತ್ತದೆ, ಇನ್ನೂ ಇಳಿಸಿದರೆ ಚಕ್ರದ ಕಡೆ ಮೇಲಕ್ಕೆ ಏರುತ್ತದೆ. ನಮ್ಮ ಗಾಡಿಯಲ್ಲಿ ಇಬ್ಬರು ಕೂತರೆ ಏರುತ್ತಿತ್ತು.

ಇದರಿಂದ ಏನು ತೊಂದರೆ ಅಂತ ಕೇಳಬಹುದು. ಗಾಡಿ ತಿರುವಿನಲ್ಲಿ ಒಂದು ಬಿಂದುವಿನ ಸುತ್ತ ವಾಲುತ್ತದೆ, ಅದನ್ನು ರೋಲ್ ಸೆಂಟರ್ ಅನ್ನುತ್ತಾರೆ. ಅದು ಎಲ್ಲಿರುತ್ತದೆ ಅನ್ನುವುದು ಈ ಆರ್ಮಿನ ಓರೆಯ ಮೇಲೆ ನಿಂತಿದೆ. ಬಾಡಿ 35 ಮಿಲಿಮೀಟರ್ ಇಳಿದರೆ ಈ ಬಿಂದು ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಗಾಡಿಯ ಭಾರದ ಕೇಂದ್ರಕ್ಕೂ ಇದಕ್ಕೂ ನಡುವಿನ ಅಂತರ ಹೆಚ್ಚಾಗುತ್ತದೆ. ಉದ್ದದ ಪಾನಾ ಹಿಡಿದರೆ ನಟ್ಟು ಸಲೀಸಾಗಿ ತಿರುಗುತ್ತದಲ್ಲ, ಹಾಗೇ ಆ ಅಂತರ ಹೆಚ್ಚಾದಷ್ಟೂ ಗಾಡಿ ವಾಲುವುದು ಸುಲಭ. ಅಂದರೆ ಚೆನ್ನಾಗಿ ತಿರುಗಲಿ ಅಂತ ಗಾಡಿ ಇಳಿಸುತ್ತೇವೆ, ವಾಲಿಸುವ ಬಲ ಹೆಚ್ಚಾಗುತ್ತದೆ. ಗಟ್ಟಿ ಸ್ಪ್ರಿಂಗ್ ಅದನ್ನು ಮುಚ್ಚಿಹಾಕುತ್ತದೆ ಅಷ್ಟೇ. ಇನ್ನೊಂದು, ಸ್ಟೇರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಮತ್ತು ಈ ಆರ್ಮ್ ಒಂದಕ್ಕೊಂದು ಹೊಂದಿಕೊಂಡು ಆಡಬೇಕು. ಎರಡರ ಓರೆ ಬೇರೆ ಬೇರೆ ಆದರೆ ಚಕ್ರ ಏರಿಳಿದಾಗಲೆಲ್ಲ ತಾನೇ ಸ್ವಲ್ಪ ತಿರುಗುತ್ತದೆ. ನಾವು ಸ್ಟೇರಿಂಗ್ ತಿರುಗಿಸದೆಯೇ ಗಾಡಿ ದಾರಿ ಬದಲಿಸುತ್ತದೆ. ಬಂಪ್ ಸ್ಟಿಯರ್ ಅಂತ ಇದಕ್ಕೆ ಹೆಸರು. ನನ್ನ ಗಾಡಿ ಗೆರೆ ಹಿಡಿದು ಎಳೆಯುತ್ತಿದ್ದುದರಲ್ಲಿ ಹರಿದ ಬುಷ್ ಜೊತೆಗೆ ಇದರ ಪಾಲೂ ಇತ್ತು.

ನಮ್ಮ ರಸ್ತೆಯಲ್ಲಂತೂ ಇದು ದಿನಾ ಎದುರಾಗುತ್ತದೆ. ಸಿರುಗುಪ್ಪದ ಕಡೆ ಎಲ್ಲ ಎರೆಮಣ್ಣು. ಮಳೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಅದರ ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಕಣ್ಣಿಗೆ ನುಣುಪು ರಸ್ತೆ, ಓಡಿಸಿದರೆ ತೊಟ್ಟಿಲು. ಗದ್ದೆ ಕೆಲಸದ ದಿನಗಳಲ್ಲಿ ಟ್ರ್ಯಾಕ್ಟರಿನ ಕಬ್ಬಿಣದ ಕೇಜ್ ವೀಲ್ ಎಳೆದ ಗೀರುಗಳು ಬೇರೆ. ಹಂಪುಗಳ ವಿಷಯ ಹೇಳಲೇಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂಥ ಹಂಪನ್ನು ನನ್ನ ಗಾಡಿ ಸಲೀಸಾಗಿ ದಾಟುತ್ತದೆ. ಊರಿನವರು ಜಲ್ಲಿ ಸುರಿದು ತಾವೇ ಮಾಡಿಕೊಂಡ ಗುಡ್ಡಗಳದ್ದೇ ಕಷ್ಟ. ಕಂಪನಿ ಲೆಕ್ಕದಲ್ಲಿ ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸ್ 170 ಮಿಲಿಮೀಟರ್. ನಂದು 135 ಉಳಿದಿದೆ.

ಕಂಪನಿ ಮಾದರಿ ಆರ್ಮನ್ನೇ ಮತ್ತೆ ಹಾಕಿ, ಸರಿಯಾಗಿ ಬಿಗಿ ಮಾಡಿದರೆ ಸದ್ದು ಹೋಗುತ್ತದೆ ಅಂತ ಚಾಚಾ ಹೇಳಿದರು. ಅದು ನಿಜ. ಸುಮ್ನೆ ಮನೆ-ಆಫೀಸು ಓಡಿಸುವವರಿಗೆ ಅಷ್ಟೇ ಸಾಕು, ದುಡ್ಡು ಉಳಿಯುತ್ತದೆ. ನನಗೆ ಓರೆಯೂ ಸರಿಯಾಗಬೇಕಿತ್ತು. ತಮ್ಮ ವಿಚಾರಿಸಿ ಕೊಯಮತ್ತೂರಿನ ಒಬ್ಬರಿಂದ ಒಂದು ಸೆಟ್ ಮಾಡಿಸಿ ಕಳಿಸಿದ. ರೇಸ್ ಗಾಡಿಗಳಿಗೆ ಬಿಡಿಭಾಗ ಮಾಡುವ ಸಣ್ಣ ಕೆಲಸದ ಮನೆ, ಆರ್ಡರ್ ಕೊಟ್ಟರೆ ಮಾತ್ರ ಮಾಡುತ್ತಾರೆ. ಆರ್ಮಿನ ಮೇಲೆ ಬ್ರ್ಯಾಂಡ್ ಹೆಸರೇ ಇಲ್ಲ.

ಪೆಟ್ಟಿಗೆಯಲ್ಲಿ ಬಂದದ್ದು ಇಷ್ಟು: ಎರಡು ಲೋವರ್ ಆರ್ಮ್, ಗಟ್ಟಿ ರಬ್ಬರ್ ಬುಷ್ ಕೂರಿಸಿದವು. ಆರ್ಮಿನ ತುದಿಯನ್ನು ಚಕ್ರದ ಕಡೆಗೆ ಸೇರಿಸುವ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್, ಮಾಮೂಲಿಗಿಂತ 20 ಮಿಲಿಮೀಟರ್ ಉದ್ದದ ಪಿನ್ ಇರುವಂಥದ್ದು ಅದಕ್ಕೇ ಸೇರಿಕೊಂಡಿತ್ತು. ಜೊತೆಗೆ ಅದೇ ಲೆಕ್ಕದಲ್ಲಿ ಪಿನ್ ಉದ್ದ ಮಾಡಿದ ಎರಡು ಟೈ ರಾಡ್ ಎಂಡ್, ಅಂದರೆ ಟೈ ರಾಡಿನ ತುದಿಯ ಕೀಲು. ಬೆಲೆ 16,500 ರೂಪಾಯಿ, ಕೊರಿಯರ್ ಸೇರಿ. ಕಂಪನಿ ಮಾದರಿಗೆ ಕೊಟ್ಟದ್ದರ ನಾಲ್ಕು ಪಟ್ಟು. ಜಾಸ್ತಿಯೇ.

ಉದ್ದ ಪಿನ್ನಿನ ಕೆಲಸ ಸರಳ. ಆರ್ಮಿನ ಹೊರ ತುದಿಯನ್ನು 20 ಮಿಲಿಮೀಟರ್ ಕೆಳಗೆ ತಳ್ಳುತ್ತದೆ. ಹಾಗಾಗಿ ಗಾಡಿ ಎತ್ತರ ಅಷ್ಟೇ ಇದ್ದರೂ ಆರ್ಮಿನ ಇಳಿಜಾರು ವಾಪಸ್ ಬರುತ್ತದೆ. 35ಕ್ಕೆ 20 ಪೂರ್ತಿ ಸರಿದೂಗುವುದಿಲ್ಲ, ಆದರೆ ಉಲ್ಟಾ ಏರುವುದಂತೂ ತಪ್ಪಿತು. ಬಾಲ್ ಜಾಯಿಂಟ್ ಮಾತ್ರ ಉದ್ದದ್ದು ಹಾಕಿ ಟೈ ರಾಡ್ ಎಂಡ್ ಹಳೆಯದೇ ಬಿಟ್ಟರೆ ಎರಡರ ಓರೆ ಮತ್ತೆ ತಪ್ಪುತ್ತದೆ, ಬಂಪ್ ಸ್ಟಿಯರ್ ಹೆಚ್ಚಾಗಬಹುದು. ಎರಡೂ ಒಟ್ಟಿಗೆ ಕೊಡದ ಸೆಟ್ಟನ್ನು ನಾನಂತೂ ತಗೊಳ್ಳುವುದಿಲ್ಲ. ರಿಮ್ಮಿನ ಒಳಗೆ ಜಾಗವೂ ನೋಡಿಕೊಳ್ಳಬೇಕು. ಪಿನ್ ಉದ್ದವಾದಷ್ಟು ಜಾಯಿಂಟ್ ರಿಮ್ಮಿಗೆ ಹತ್ತಿರ ಬರುತ್ತದೆ. ನನ್ನ 15 ಇಂಚಿನಲ್ಲಿ ಕಿರುಬೆರಳು ತೂರುವಷ್ಟು ಜಾಗ ಉಳಿದಿದೆ, 14 ಇಂಚಾಗಿದ್ದರೆ ನಾನು ಧೈರ್ಯ ಮಾಡುತ್ತಿರಲಿಲ್ಲ. ಹಳೇ ಜಾಯಿಂಟಿಗೆ ತುಂಡು ಕೂಡಿಸಿ ವೆಲ್ಡ್ ಮಾಡಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ದಯವಿಟ್ಟು ಮಾಡಿಸಬೇಡಿ. ಆ ಪಿನ್ ಮುರಿದರೆ ಚಕ್ರ ಮಡಚಿಕೊಳ್ಳುತ್ತದೆ, ಅದೂ ಓಡುತ್ತಿರುವಾಗ.

ಬುಷ್ ಪಾಲಿಯುರೆಥೇನ್ (ಗಟ್ಟಿ ಪ್ಲಾಸ್ಟಿಕ್ ಥರದ್ದು) ಬೇಕಾ ರಬ್ಬರ್ ಬೇಕಾ ಅಂತ ಅವರು ಮೊದಲೇ ಕೇಳಿದ್ದರು. ಗಾಡಿ ಹುಚ್ಚಿರುವ ಹುಡುಗರೆಲ್ಲ ಪಾಲಿ ಅನ್ನುತ್ತಾರೆ. ಪಾಲಿ ಬುಷ್ ಅಂಟಿಸಿದ್ದಲ್ಲ, ಕೊಳವೆಯ ಮೇಲೆ ಜಾರಿ ತಿರುಗುತ್ತದೆ. ತಿರುಚಿ ಹರಿಯುವ ಪ್ರಶ್ನೆಯೇ ಇಲ್ಲ. ಆದರೆ ಜಾರಬೇಕಾದರೆ ಗ್ರೀಸ್ ಬೇಕು, ಒಳಗೆ ಧೂಳು ಹೋಗಬಾರದು. ನಾನು ಓಡಾಡುವುದು ಬಳ್ಳಾರಿಯ ಅದಿರಿನ ಧೂಳು ಮತ್ತು ಸಿರುಗುಪ್ಪದ ಎರೆಮಣ್ಣಿನ ಧೂಳಿನ ನಡುವೆ. ವರ್ಷಕ್ಕೆರಡು ಸಲ ಬಿಚ್ಚಿ ಗ್ರೀಸ್ ಹಾಕುವಷ್ಟು ಬಿಡುವು ನನಗಿಲ್ಲ. ಗಟ್ಟಿ ರಬ್ಬರೇ ಕೊಡಿ ಅಂದೆ. ಇವತ್ತಿಗೂ ಆ ತೀರ್ಮಾನದ ಬಗ್ಗೆ ಸಮಾಧಾನವಿದೆ.

ಸಂಕ್ರಾಂತಿ ವಾರದಲ್ಲಿ ಕೂರಿಸಿದ್ದು. ಬೆಳಿಗ್ಗೆ ಒಗ್ಗರಣೆ ಮಿರ್ಚಿ ತಿಂದು ಒಂಬತ್ತಕ್ಕೆ ಹೋದವಳು ಸಂಜೆ ನಾಲ್ಕರವರೆಗೂ ಅಲ್ಲೇ ಇದ್ದೆ. ಹಳೇ ಟೈ ರಾಡ್ ಎಂಡ್ ಬಿಡಿಸುವುದಕ್ಕೇ ಒಂದು ಗಂಟೆ ಹಿಡಿಯಿತು, ತುಕ್ಕು. ಆರ್ಮ್ ಕೂರಿಸಿ, ಒಳಗಿನ ಬೋಲ್ಟುಗಳನ್ನು ಕೈಯಲ್ಲಿ ತಿರುಗುವಷ್ಟು ಮಾತ್ರ ಹಾಕಿ, ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿದರು. ಬಾನೆಟ್ ಮೇಲೆ ಎರಡು ಕೈಯಿಟ್ಟು ನಾಲ್ಕೈದು ಸಲ ಒತ್ತಿ ಬಿಟ್ಟರು, ಸ್ಪ್ರಿಂಗ್ ತನ್ನ ಜಾಗಕ್ಕೆ ಬರಲಿ ಅಂತ. ಗಾಡಿಯನ್ನು ಹಿಂದೆ ಮುಂದೆ ತಳ್ಳಿ ಮತ್ತೆ ಗುಂಡಿಯ ಮೇಲೆ ತಂದು ನಿಲ್ಲಿಸಿದರು. ಆಮೇಲೆ ನನಗೆ ಹೇಳಿದರು:

"ಮೇಡಂ, ನೀವು ಸೀಟಲ್ಲಿ ಕೂತ್ಕೊಳ್ರಿ."

"ನಾನ್ಯಾಕೆ ಚಾಚಾ?"

"ದಿನಾ ಓಡಿಸೋರು ನೀವಲ್ರಿ. ನಿಮ್ ಭಾರಕ್ಕೇ ಬಿಗಿ ಮಾಡಬೇಕು."

ನಾನು ಸ್ಟೇರಿಂಗ್ ಮುಂದೆ ಕೂತೆ. ಅವರು ಗುಂಡಿಗಿಳಿದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಟಾರ್ಕ್ ರೆಂಚ್ ತೆಗೆದರು, ಬೇಕಾದಷ್ಟು ಬಿಗಿಯಾದಾಗ ಕ್ಲಿಕ್ ಅನ್ನುವ ಪಾನಾ ಅದು. ಸೀಟಿನ ಕೆಳಗಿನಿಂದ ಒಂದೊಂದೇ ಕ್ಲಿಕ್ ಕೇಳಿಸಿತು. ಹತ್ತು ವರ್ಷ ಹುಡುಗರಿಗೆ ತಿರುಚುಬಲದ ಲೆಕ್ಕ ಹಾಕಿಸಿದ್ದೇನೆ. ಅದನ್ನು ಹೀಗೆ ಕಿವಿಯಲ್ಲಿ ಕೇಳಿದ್ದು ಅವತ್ತೇ ಮೊದಲು. ದೊಡ್ಡ ವರ್ಕ್‌ಶಾಪಿನ ಎರಡು ಕಂಬದ ಲಿಫ್ಟಿನಲ್ಲಿ ಚಕ್ರ ನೇತಾಡುತ್ತದೆ. ಹಳೇ ಕಾಲದ ಗುಂಡಿಯಲ್ಲಿ ಚಕ್ರ ನೆಲದ ಮೇಲೇ ಇರುತ್ತದೆ, ಕೆಳಗಿನಿಂದ ಕೈ ಹೋಗುತ್ತದೆ. ಈ ಕೆಲಸಕ್ಕೆ ಗುಂಡಿಯೇ ಮೇಲು. ಕೂಲಿ 2,200 ತಗೊಂಡರು. ನಾನು ಇನ್ನೂರು ಜಾಸ್ತಿ ಕೊಟ್ಟರೆ ವಾಪಸ್ ಕೊಟ್ಟರು.

ಮಾರನೇ ದಿನ ವೀಲ್ ಅಲೈನ್‌ಮೆಂಟ್. ಹಳೇ ಚೀಟಿಯಲ್ಲಿ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ, ಮೈನಸ್ ಅಂದರೆ ಮೇಲಿನ ಅಂಚು ಒಳಗೆ ವಾಲಿದೆ) ಎಡಕ್ಕೆ ಮೈನಸ್ 1.6 ಡಿಗ್ರಿ, ಬಲಕ್ಕೆ ಮೈನಸ್ 0.9 ಇತ್ತು. ಹೊಸ ಚೀಟಿಯಲ್ಲಿ ಮೈನಸ್ 1.1 ಮತ್ತು ಮೈನಸ್ 1.0. ಎರಡೂ ಕಡೆ ಹತ್ತಿರ ಹತ್ತಿರ ಬಂದದ್ದೇ ನನಗೆ ದೊಡ್ಡ ಸಮಾಧಾನ. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗಿರುವ ಓರೆ, ಪೂರ್ತಿ ಹೊರಗೆ ಹೋಗಿತ್ತು, ಅದನ್ನು ಕೂರಿಸಿದರು. ಲೋ ಗಾಡಿಯಲ್ಲಿ ಟೈರಿನ ಒಳಅಂಚು ಹೋದರೆ ಎಲ್ಲರೂ ಕ್ಯಾಂಬರ್ ಮೇಲೆ ಹಾಕುತ್ತಾರೆ. ಒಂದು ಡಿಗ್ರಿ ಕ್ಯಾಂಬರಿಗೆ ಟೈರ್ ಅಷ್ಟು ಬೇಗ ಹೋಗುವುದಿಲ್ಲ. ತಿನ್ನುವುದು ಟೋ. ಗಾಡಿ ಇಳಿಸಿದ ಮೇಲೆ ಟೋ ನೋಡಿಸದೆ ಓಡಿಸಿದರೆ ಟೈರ್ ನೆಲದ ಮೇಲೆ ಉರುಳುವುದರ ಜೊತೆಗೆ ಉಜ್ಜಿಕೊಂಡೂ ಹೋಗುತ್ತದೆ.

ಎಂಟು ತಿಂಗಳಾಯಿತು. ಬೇಸಿಗೆ ರಜೆ ಕಳೆದು ಸುಮಾರು 14,000 ಕಿಲೋಮೀಟರ್ ಓಡಿದೆ. ಟಕ್ ಸದ್ದು ಇಲ್ಲ. ತೆಕ್ಕಲಕೋಟೆಯ ಆ ಹಂಪ್ ಇಳಿಯುವಾಗ ಈಗಲೂ ಕಿವಿ ತಾನೇ ನೆಟ್ಟಗಾಗುತ್ತದೆ, ಕೇಳಿಸುವುದು ಟೈರಿನ ಮೆತ್ತನೆ ಸದ್ದು ಮಾತ್ರ. ಅಲೆ ಅಲೆ ಡಾಂಬರಿನ ಮೇಲೆ 80ರಲ್ಲಿ ಹೋಗುವಾಗ ಸ್ಟೇರಿಂಗ್ ಕೈಯಲ್ಲಿ ಸುಮ್ಮನೆ ಕೂತಿರುತ್ತದೆ. ಲಾರಿ ಎದುರಾದಾಗ ಉಸಿರು ಕಟ್ಟುವುದಿಲ್ಲ. ಕಾಲುವೆ ಪಕ್ಕದ ತಿರುವಿನಲ್ಲಿ ಮೊದಲು ಗಾಡಿ ಒಂದು ಕ್ಷಣ ತಡೆದು ಆಮೇಲೆ ತಿರುಗುತ್ತಿತ್ತು, ಈಗ ಸ್ಟೇರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತದೆ. ಬೋಳಾದವುಗಳ ಬದಲಿಗೆ ಹಾಕಿಸಿದ ಹೊಸ ಟೈರುಗಳನ್ನು ಕಳೆದ ವಾರ ಕೈ ಹಾಕಿ ನೋಡಿದೆ. ಒಳಗೂ ಹೊರಗೂ ಒಂದೇ ಸಮ ಸವೆದಿವೆ.

ಕೊರತೆಗಳೂ ಇವೆ. ಗಟ್ಟಿ ಬುಷ್ ಆದ್ದರಿಂದ ಸಣ್ಣ ಸಣ್ಣ ಕಲ್ಲೂ ಸ್ಟೇರಿಂಗಿನಲ್ಲಿ ಗೊತ್ತಾಗುತ್ತದೆ. ಅಮ್ಮ ಮುಂದಿನ ಸೀಟಿನಲ್ಲಿ ಕೂತು ಹುಲಿಗಿಗೆ ಹೋಗಿ ಬಂದ ದಿನ, "ಗಾಡಿ ಸ್ವಲ್ಪ ಬಿರುಸಾಗೈತಿ" ಅಂದಳು. ಅಮ್ಮನ ಮಾತು ಸರಿ. ಆರ್ಮಿನ ಕಪ್ಪು ಪೇಂಟ್ ಜಲ್ಲಿ ಹೊಡೆದು ಮೂರು ತಿಂಗಳಿಗೇ ಕಿತ್ತು ಬಂತು, ವೆಲ್ಡಿನ ಅಂಚಿನಲ್ಲಿ ತುಕ್ಕು ಕಾಣಿಸಿತು. ಉಪ್ಪುಕಾಗದದಲ್ಲಿ ಉಜ್ಜಿ ರೆಡ್ ಆಕ್ಸೈಡ್ ಬಳಿಸಿದೆ. 16,500 ತಗೊಂಡವರು ಪೇಂಟ್ ಇದಕ್ಕಿಂತ ಚೆನ್ನಾಗಿ ಮಾಡಬೇಕಿತ್ತು. ಪೆಟ್ಟಿಗೆಯಲ್ಲಿ ಕೂರಿಸುವ ವಿಧಾನದ ಒಂದು ಚೀಟಿಯೂ ಇರಲಿಲ್ಲ. ಚಕ್ರ ನೆಲದಲ್ಲಿರುವಾಗ ಬಿಗಿ ಮಾಡಿ ಅಂತ ಒಂದು ಸಾಲು ಬರೆದಿದ್ದರೂ ಸಾಕಿತ್ತು. ಚಾಚಾ ಇಲ್ಲದಿದ್ದರೆ ಈ ಬುಷ್ಷೂ ಹರಿಯುತ್ತಿತ್ತು. ಬಲಗಡೆ ಬಾಲ್ ಜಾಯಿಂಟನ್ನು ಮುಚ್ಚುವ ರಬ್ಬರ್ ಚೀಲ (ಬೂಟ್) ಆಗಸ್ಟಿನಲ್ಲಿ ಸಡಿಲವಾಗಿ ಕಂಡಿತು. ಬೂಟ್ ಹರಿದರೆ ಧೂಳು ಒಳಗೆ ಹೋಗಿ ಜಾಯಿಂಟ್ ಸವೆಯುವುದು ಖಂಡಿತ. ಕ್ಲಿಪ್ ಬದಲಾಯಿಸಿ ಹಾಕಿದ್ದೇವೆ, ಸದ್ಯಕ್ಕೆ ನಿಂತಿದೆ. ಹೊಸ ಬೂಟ್ ಕಳಿಸಿ ಅಂತ ಕೊಯಮತ್ತೂರಿಗೆ ಫೋನ್ ಮಾಡಿದೆ. ಹಣ ಕೇಳದೆ ನಾಲ್ಕು ದಿನದಲ್ಲಿ ಎರಡು ಕಳಿಸಿದರು, ಅದು ಮೆಚ್ಚಬೇಕಾದದ್ದು.

ಕಾನೂನಿನ ಮಾತೂ ಬರೆಯುತ್ತೇನೆ, ಯಾಕೆಂದರೆ ಕಾಲೇಜಿನ ಹುಡುಗರು ನನ್ನ ಗಾಡಿ ನೋಡಿ ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಏನಾದರೂ ಬದಲಾಯಿಸುವ ಮುಂಚೆ ಆರ್‌ಟಿಓ ಆಫೀಸಿನಲ್ಲೂ ಇನ್ಶೂರೆನ್ಸಿನವರ ಹತ್ತಿರವೂ ಕೇಳಿಕೊಳ್ಳಿ. ಸ್ಪ್ರಿಂಗನ್ನು ಕಟ್ಟರಿನಲ್ಲಿ ಕತ್ತರಿಸಿ ಲೋ ಮಾಡುವುದಂತೂ ಬೇಡವೇ ಬೇಡ. ಚಕ್ರ ನೇತಾಡಿದಾಗ ಸ್ಪ್ರಿಂಗ್ ತನ್ನ ಸೀಟಿನಿಂದ ಜಾರಬಹುದು.

ಈಗಾಗಲೇ ಲೋ ಮಾಡಿಸಿದ ಗಾಡಿ ಇರುವವರು ಒಂದು ಕೆಲಸ ಮಾಡಿ. ಗಾಡಿಯನ್ನು ಮಟ್ಟಸ ನೆಲದ ಮೇಲೆ ನಿಲ್ಲಿಸಿ, ಮುಂದಿನ ಚಕ್ರದ ಹಿಂದೆ ಬಗ್ಗಿ ಲೋವರ್ ಆರ್ಮ್ ನೋಡಿ. ಚಕ್ರದ ಕಡೆ ಇಳಿಜಾರಿದ್ದರೆ ಬುಷ್ ನೋಡಿಸಿದರೆ ಸಾಕು. ಮೇಲಕ್ಕೆ ಏರಿದ್ದರೆ ಆರ್ಮ್ ಬಗ್ಗೆ ಯೋಚಿಸಿ. ಯಾವ ಆರ್ಮ್ ಹಾಕಿಸಿದರೂ ಬೋಲ್ಟ್ ಬಿಗಿ ಮಾಡುವಾಗ ಅಲ್ಲೇ ನಿಂತಿರಿ. ಚಕ್ರ ನೆಲದಲ್ಲಿದೆಯಾ ನೋಡಿ.

ಹರಿದ ಆ ಬುಷ್ ಈಗ ನಮ್ಮ ಲ್ಯಾಬಿನ ಕಪಾಟಿನಲ್ಲಿದೆ. ಕೊಯಮತ್ತೂರಿನಿಂದ ಬಂದ ಹೊಸ ಬೂಟುಗಳು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿವೆ. ದೀಪಾವಳಿ ರಜೆಗೆ ತಮ್ಮ ಬರುತ್ತಾನೆ, ಅವನ ಜೊತೆ ಚಾಚಾ ಗುಂಡಿಗೆ ಹೋಗಿ ಹಾಕಿಸಬೇಕು.